ಉಪವಾಸವೂ ಮಾಂಸಖಂಡವೂ

ಉಪವಾಸವೆಂಬುದು ನಮ್ಮ ನಾಡಿನಲ್ಲಿ ಯಾವ ಮತದವರಿಗೂ ಹೊಸ ಸಂಗತಿಯಲ್ಲ. ಏಕಾದಶಿ, ಸಂಕಷ್ಟಿ, ಶಿವರಾತ್ರಿ, ರಂಜಾನು, ಕ್ರೈಸ್ತರ ತಪಸ್ಸುಕಾಲ, ಹೀಗೆ ವರ್ಷದ ಒಂದಲ್ಲ ಒಂದು ಕಾಲದಲ್ಲಿ ನಮ್ಮ ವಿದ್ಯಾರ್ಥಿನಿಯರ ಮನೆಗಳಲ್ಲಿ ಒಲೆಯು ತಣ್ಣಗಿರುವುದುಂಟು. ಆ ಉಪವಾಸಗಳಿಂದ ಆತ್ಮಕ್ಕೆ ಆಗುವ ಪ್ರಯೋಜನವನ್ನು ಕುರಿತು ಬರೆಯುವುದು ಈ ಲೇಖನದ ಉದ್ದೇಶವಲ್ಲ; ಅದಕ್ಕೆ ನಮಗಿಂತ ಯೋಗ್ಯರಾದವರು ಇದ್ದಾರೆ. ನಮ್ಮ ಚಿಂತೆಗೆ ಕಾರಣವಾಗಿರುವುದು ಈಚಿನ ವರ್ಷಗಳಲ್ಲಿ ಮೊಬೈಲಿನ ಮೂಲಕ ಮನೆಮನೆಯನ್ನೂ ಹೊಕ್ಕಿರುವ ಬೇರೊಂದು ಉಪವಾಸ. ದಿನದ ೧೬ ತಾಸು ಏನನ್ನೂ ತಿನ್ನದೆ ಉಳಿದ ೮ ತಾಸಿನೊಳಗೆ ಊಟ ತಿಂಡಿಗಳನ್ನು ಮುಗಿಸಿಕೊಳ್ಳತಕ್ಕದ್ದೆಂಬ ಈ ಹೊಸ ವ್ರತಕ್ಕೆ ದೇವರೂ ಇಲ್ಲ, ತಿಥಿಯೂ ಇಲ್ಲ. ಮೈ ಸಣ್ಣಗಾಗಬೇಕೆಂಬುದೇ ಅದರ ಸಂಕಲ್ಪ. ದೊಡ್ಡವರು ಇದನ್ನು ಹಿಡಿದರೆ ನಾವು ಸುಮ್ಮನಿರುತ್ತಿದ್ದೆವು. ಎಂಟನೆಯ ಒಂಬತ್ತನೆಯ ತರಗತಿಯ ಹುಡುಗಿಯರು ಹಿಡಿದಿದ್ದಾರೆ. "ಮಗಳು ಬೆಳಿಗ್ಗೆ ಏನೂ ಮುಟ್ಟುವುದಿಲ್ಲ ಟೀಚರೇ, ಹಾಗಿರುವುದು ಒಳ್ಳೇದಂತೆ, ಹೌದೇ?" ಎಂದು ಕೇಳುವ ತಾಯಂದಿರು ಒಬ್ಬಿಬ್ಬರಲ್ಲ. ಶಾಲೆಯ ಬಾಗಿಲಲ್ಲಿ ನಿಂತು ಎರಡು ಮಾತಿನಲ್ಲಿ ಉತ್ತರ ಹೇಳುವುದಕ್ಕಿಂತ ಈ ಸ್ಮರಣ ಸಂಚಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಲೇಸೆಂದು ನಾವು ಎಣಿಸಿದೆವು.

ನಮ್ಮ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುವೆವು. ಉಪವಾಸವನ್ನು ದೇಹವು ತಾಳಿಕೊಳ್ಳುವುದು ತಾನು ಮುಂಚಿತವಾಗಿ ಕೂಡಿಟ್ಟ ಸಂಗ್ರಹದಿಂದ. ಸಂಗ್ರಹವಿದ್ದವರಿಗೆ ಉಪವಾಸದ ಖರ್ಚು ಸ್ವಲ್ಪ. ಸಂಗ್ರಹವಿಲ್ಲದವರ ಉಪವಾಸದ ಖರ್ಚನ್ನು ಅವರ ಮಾಂಸಖಂಡಗಳು ತೆರಬೇಕಾಗುವುದು. ಆದುದರಿಂದ ಬೆಳೆಯುತ್ತಿರುವ ಹುಡುಗಿಯನ್ನು, ಬಸುರಿಯನ್ನು, ವೃದ್ಧೆಯನ್ನು ಉಳಿದವರ ಸಾಲಿನಲ್ಲಿ ಕೂರಿಸಿ ಉಪವಾಸದ ಗುಣಗಾನ ಮಾಡುವುದು ನ್ಯಾಯವಲ್ಲ.

ಎಲುಬುಗಳಿಗೆ ಅಂಟಿಕೊಂಡು ಕೈಕಾಲುಗಳನ್ನು ಆಡಿಸುವ ಮಾಂಸಖಂಡಗಳು ಗಂಡಸಿನ ದೇಹಭಾರದಲ್ಲಿ ನೂರಕ್ಕೆ ಸುಮಾರು ೩೮ ಪಾಲು, ಹೆಂಗಸಿನಲ್ಲಿ ಸುಮಾರು ೩೧ ಪಾಲು ಇರುತ್ತವೆ. ಅವು ಬರೇ ಎತ್ತುವುದಕ್ಕೂ ನಡೆಯುವುದಕ್ಕೂ ಇರುವ ಯಂತ್ರಗಳೆಂದು ಜನರು ತಿಳಿಯುತ್ತಾರೆ. ವಾಸ್ತವದಲ್ಲಿ ಅವು ಇಡೀ ದೇಹದ ಆಪತ್ಕಾಲದ ಉಗ್ರಾಣವೂ ಆಗಿವೆ. ಕೊಬ್ಬಿಗೆ ದೇಹದಲ್ಲಿ ಪ್ರತ್ಯೇಕವಾದ ಕಣಜವುಂಟು. ಸಕ್ಕರೆಗೆ ಚಿಕ್ಕದೊಂದು ಗಡಿಗೆಯುಂಟು. ಆದರೆ ಪ್ರೋಟೀನೆಂದು ಇಂದು ಎಲ್ಲರೂ ಹೇಳುವ ಸಸಾರಜನಕ ಪದಾರ್ಥಕ್ಕೆ ಅಂಥ ಕಣಜವೇ ಇಲ್ಲ. ಅದರ ಒಂದೊಂದು ಗ್ರಾಮೂ ಎಲ್ಲಿಯೋ ಒಂದು ಕೆಲಸದಲ್ಲಿ ತೊಡಗಿಕೊಂಡೇ ಇರುವುದು. ಅದನ್ನು ತೆಗೆದು ಬಳಸುವುದೆಂದರೆ ಸೌದೆ ತೀರಿದ ಮನೆಯಲ್ಲಿ ಜಂತೆಯನ್ನೇ ಕಡಿದು ಒಲೆಗಿಟ್ಟ ಹಾಗೆ.

ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆಯು ಏರುವುದು, ಇನ್ಸುಲಿನ್ ಎಂಬ ರಸವು ಹೆಚ್ಚುವುದು, ಆ ರಸದ ಅಪ್ಪಣೆಯಂತೆ ಮಾಂಸಖಂಡಗಳು ಸಕ್ಕರೆಯನ್ನು ಒಳಗೆ ಎಳೆದುಕೊಂಡು ಗ್ಲೈಕೋಜೆನ್ನಿನ ರೂಪದಲ್ಲಿ ಇಟ್ಟುಕೊಳ್ಳುವುವು. ಪ್ರಾಯದವರ ಮಾಂಸಖಂಡಗಳಲ್ಲೆಲ್ಲ ಸೇರಿ ೩೦೦ರಿಂದ ೪೦೦ ಗ್ರಾಂ, ಯಕೃತ್ತಿನಲ್ಲಿ ಸುಮಾರು ೧೦೦ ಗ್ರಾಂ ಇಂಥ ಗ್ಲೈಕೋಜೆನ್ ಇರಬಹುದು. ಇಲ್ಲಿ ಒಂದು ವಿಚಿತ್ರವುಂಟು. ಯಕೃತ್ತು ತನ್ನಲ್ಲಿದ್ದುದನ್ನು ಸಕ್ಕರೆಯಾಗಿ ರಕ್ತಕ್ಕೆ ಬಿಟ್ಟುಕೊಡಬಲ್ಲದು. ಮಾಂಸಖಂಡಕ್ಕೆ ಅದು ಸಾಧ್ಯವಿಲ್ಲ, ಯಾಕಂದರೆ ಆ ಕೊನೆಯ ಬಾಗಿಲನ್ನು ತೆರೆಯುವ ಕಿಣ್ವವು ಅದರಲ್ಲಿಲ್ಲ. ಅದರ ಸಕ್ಕರೆ ಅದರ ಸ್ವಂತ ದುಡಿಮೆಗೆ ಮಾತ್ರ. ಹೀಗಾಗಿ ಉಪವಾಸ ಕೂತವರ ರಕ್ತಕ್ಕೆ ಸಕ್ಕರೆಯನ್ನು ಒದಗಿಸುವ ಭಾರವು ಯಕೃತ್ತಿನ ಆ ನೂರು ಗ್ರಾಮಿನ ಗಡಿಗೆಯ ಮೇಲೆ ಬೀಳುವುದು. ಅದು ಒಂದು ಹಗಲು ಒಂದು ರಾತ್ರಿಗೆ ಬಹುಮಟ್ಟಿಗೆ ಬರಿದಾಗುವುದು. ಆದರೆ ಮೆದುಳಿಗೆ ದಿನಕ್ಕೆ ೧೦೦ರಿಂದ ೧೨೦ ಗ್ರಾಂ ಸಕ್ಕರೆ ಬೇಕೇ ಬೇಕು.

"ಕೊಬ್ಬು ಬೇಕಾದಷ್ಟಿದೆಯಲ್ಲ, ಅದನ್ನೇ ಸಕ್ಕರೆ ಮಾಡಿಕೊಳ್ಳಲಿ" ಎಂದು ಕೇಳಬಹುದು. ಕೊಬ್ಬಿನ ಬಹುಭಾಗವನ್ನು ಸಕ್ಕರೆಯಾಗಿ ಮಾರ್ಪಡಿಸುವ ಶಕ್ತಿಯು ಮನುಷ್ಯನಿಗೂ ಇಲ್ಲ, ಪಶುಗಳಿಗೂ ಇಲ್ಲ. ಅದರ ಜೊತೆಗಿರುವ ಗ್ಲಿಸರಿನ್ ಎಂಬ ಅಲ್ಪಾಂಶಕ್ಕೆ ಮಾತ್ರ ಆ ಯೋಗ್ಯತೆ. ಆದುದರಿಂದ ಮಾಂಸಖಂಡವು ಮುಂದೆ ಬರಬೇಕಾಗುವುದು. ಇನ್ಸುಲಿನ್ ಇಳಿಯುತ್ತಲೇ ಅದು ಹೊಸ ಪ್ರೋಟೀನನ್ನು ಕಟ್ಟುವ ಕೆಲಸವನ್ನು ಕಡಿಮೆ ಮಾಡಿ, ಇದ್ದುದನ್ನು ಕಳಚಿ, ಅಲನೀನ್, ಗ್ಲುಟಮೀನ್ ಮುಂತಾದ ಅಮೈನೋ ಆಮ್ಲಗಳನ್ನಾಗಿ ರಕ್ತಕ್ಕೆ ಕಳುಹಿಸುತ್ತದೆ. ಯಕೃತ್ತೂ ಮೂತ್ರಪಿಂಡಗಳೂ ಅವುಗಳಿಂದ ಸಕ್ಕರೆಯನ್ನು ತಯಾರಿಸುವುವು. ಇತ್ತ ಮಾಂಸಖಂಡವು ತಾನು ಸಕ್ಕರೆಯನ್ನು ಮುಟ್ಟದೆ ಕೊಬ್ಬಿನ ಆಮ್ಲಗಳನ್ನು ಉರಿಸಿಕೊಂಡು ದುಡಿಯತೊಡಗುತ್ತದೆ. ಕೊಬ್ಬು ಉರಿಯುತ್ತಿರುವಾಗ ಸಕ್ಕರೆಯ ದಾರಿಯು ತಾನಾಗಿ ಮುಚ್ಚಿಕೊಳ್ಳುವುದೆಂಬುದನ್ನು ಫಿಲಿಪ್ ರ್ಯಾಂಡಲ್ ಎಂಬ ಆಂಗ್ಲ ವಿಜ್ಞಾನಿಯೂ ಅವರ ಸಂಗಡಿಗರೂ ೧೯೬೩ರಲ್ಲಿ ಇಲಿಯ ಹೃದಯ ಮತ್ತು ವಪೆಯ ಮಾಂಸದಲ್ಲಿ ತೋರಿಸಿಕೊಟ್ಟರು. ಮನೆಯವರಿಗೆ ಅನ್ನವನ್ನು ಬಡಿಸಿ ತಾನು ಗಂಜಿ ಕುಡಿಯುವ ತಾಯಿಯ ನೆನಪು ನಮಗೆ ಇಲ್ಲಿ ಬಾರದೆ ಹೋಗಲಿಲ್ಲ; ಆದರೆ ಆ ತಾಯಿಯನ್ನು ಕೊಂಡಾಡುವವರು ಆಕೆ ಸೊರಗುವುದನ್ನೂ ನೋಡಬೇಕಷ್ಟೆ.

ಎಷ್ಟು ಸೊರಗುವಳು? ಇದಕ್ಕೆ ಲೆಕ್ಕಗಳುಂಟು. ಜರ್ಮನಿಯ ಮ್ಯೂನಿಕ್ ನಗರದ ಕಾರ್ಲ್ ಫೋನ್ ಫೋಯ್ಟ್ ಎಂಬವರು ೧೯ನೆಯ ಶತಮಾನದಲ್ಲಿಯೇ ೧೩ ದಿನ ಅನ್ನವಿಲ್ಲದ ಬೆಕ್ಕೊಂದರ ಅಂಗಾಂಗಗಳನ್ನು ತೂಗಿದ್ದರು. ಅದರ ಕೊಬ್ಬು ನೂರಕ್ಕೆ ೯೭ ಪಾಲು ಹೋಗಿತ್ತು, ಮಾಂಸಖಂಡ ೩೧ ಪಾಲು ಹೋಗಿತ್ತು. ಮೆದುಳೂ ಹೃದಯವೂ ಕಳೆದುಕೊಂಡಿದ್ದುದು ೩ ಪಾಲು ಮಾತ್ರ. ದೇಹವು ಯಾರನ್ನು ಉಳಿಸಿ ಯಾರನ್ನು ಖರ್ಚು ಮಾಡುವುದೆಂಬುದು ಈ ಮೂರು ಅಂಕಿಗಳಿಂದ ಸ್ಪಷ್ಟವಾಗುವುದು. ಮುಂದೆ ೧೯೧೨ರಲ್ಲಿ ಮಾಲ್ಟಾ ದ್ವೀಪದ ಅಗಸ್ಟೀನೋ ಲೆವಾಂಜಿನ್ ಎಂಬವರು ಅಮೇರಿಕದ ಬಾಸ್ಟನ್ನಿನ ಪೋಷಣಾ ಪ್ರಯೋಗಶಾಲೆಯಲ್ಲಿ ಬರೇ ನೀರು ಕುಡಿದು ೩೧ ದಿನ ಉಪವಾಸವಿದ್ದರು. ಪ್ರಯೋಗವನ್ನು ನಡಿಸಿದ ಫ್ರಾನ್ಸಿಸ್ ಬೆನೆಡಿಕ್ಟರು ೧೯೧೫ರಲ್ಲಿ ಅದರ ವಿವರವನ್ನು ದೊಡ್ಡದೊಂದು ಗ್ರಂಥವಾಗಿ ಪ್ರಕಟಿಸಿದರು. ಲೆವಾಂಜಿನರ ತೂಕ ೬೦ ಕಿಲೋಗ್ರಾಮಿಗೆ ತುಸು ಮಿಕ್ಕು ಇದ್ದದ್ದು ೪೭ಕ್ಕೆ ಬಂತು. ಪ್ರೋಟೀನು ಕಳಚಿದಾಗ ಅದರ ಸಾರಜನಕವು ಮೂತ್ರದಲ್ಲಿ ಹೊರಬೀಳುವುದರಿಂದ ಮಾಂಸದ ನಷ್ಟವನ್ನು ಅಳೆಯುವುದಕ್ಕೆ ಅದೇ ಮೋಪು. ಅವರ ಮೂತ್ರದಲ್ಲಿ ಮೊದಲ ದಿನ ಸುಮಾರು ೭ ಗ್ರಾಂ ಇದ್ದ ಸಾರಜನಕವು ನಾಲ್ಕನೆಯ ದಿನಕ್ಕೆ ೧೨ ಗ್ರಾಮಿನ ಹತ್ತಿರಕ್ಕೆ ಏರಿ, ಆ ಮೇಲೆ ಮೆಲ್ಲನೆ ಇಳಿದು, ತಿಂಗಳ ಕೊನೆಗೆ ತಿರುಗಿ ೭ರ ಸಮೀಪ ಬಂತು. ೧೨ ಗ್ರಾಂ ಸಾರಜನಕವೆಂದರೆ ೭೫ ಗ್ರಾಂ ಪ್ರೋಟೀನು. ಮಾಂಸದ ಬಹುಭಾಗ ನೀರೇ ಆಗಿರುವುದರಿಂದ ತೂಕದಲ್ಲಿ ಅದು ದಿನಕ್ಕೆ ೩೦೦ ಗ್ರಾಮಿಗೂ ಮಿಕ್ಕ ಮಾಂಸ.

ಏರಿದ ನಷ್ಟವು ಇಳಿದದ್ದೇಕೆ ಎಂಬುದು ಅರ್ಧ ಶತಮಾನ ಕಳೆದ ಮೇಲೆ ತಿಳಿಯಿತು. ೧೯೬೭ರಲ್ಲಿ ಬಾಸ್ಟನ್ನಿನಲ್ಲಿಯೇ ಆಲಿವರ್ ಓವನ್, ಜಾರ್ಜ್ ಕೇಹಿಲ್ ಮೊದಲಾದ ವೈದ್ಯರು ಐದಾರು ವಾರ ಉಪವಾಸವಿದ್ದ ಮೂವರು ಸ್ಥೂಲಕಾಯರ ಮೆದುಳಿಗೆ ಹೋಗುವ ರಕ್ತವನ್ನೂ ಬರುವ ರಕ್ತವನ್ನೂ ಹೋಲಿಸಿ ನೋಡಿದರು. ಸಕ್ಕರೆಯನ್ನಲ್ಲದೆ ಬೇರೇನನ್ನೂ ಮುಟ್ಟದೆಂದು ಎಣಿಸಲ್ಪಟ್ಟಿದ್ದ ಮೆದುಳು ತನ್ನ ಉರುವಲಿನ ಬಹುಪಾಲನ್ನು ಕೀಟೋನುಗಳಿಂದ, ಅಂದರೆ ಯಕೃತ್ತು ಕೊಬ್ಬಿನಿಂದ ಮಾಡುವ ಒಂದು ಬಗೆಯ ಇಂಧನದಿಂದ ಪಡೆಯುತ್ತಿತ್ತು. ಮೆದುಳಿಗೆ ಸಕ್ಕರೆ ಕಡಿಮೆ ಸಾಕಾಯಿತು, ಮಾಂಸಖಂಡವು ಕಳಚುವ ಅಗತ್ಯವೂ ಕಡಿಮೆಯಾಯಿತು. ಇಂಥ ಸ್ಥೂಲಕಾಯರಲ್ಲಿ ಪ್ರೋಟೀನಿನ ನಷ್ಟವು ದಿನಕ್ಕೆ ಸುಮಾರು ೨೦ ಗ್ರಾಮಿಗೆ ಇಳಿಯುವುದೆಂದು ಕೇಹಿಲರು ಲೆಕ್ಕ ಹಾಕಿದರು. ಸೃಷ್ಟಿಯ ಈ ಜಾಣ್ಮೆಯನ್ನು ಉಪವಾಸದ ಪ್ರಚಾರಕರು ಎಲ್ಲೆಲ್ಲಿಯೂ ಎತ್ತಿ ಹೇಳುವುದು ಸಹಜವೇ. ಆದರೆ ಅವರು ಹೇಳದೆ ಬಿಡುವ ಒಂದು ಮಾತಿದೆ. ಸಾಧಾರಣ ಮೈಕಟ್ಟಿನ ಲೆವಾಂಜಿನರು ತಿಂಗಳಿಡೀ ಉಪವಾಸವಿದ್ದ ಮೇಲೆಯೂ ದಿನಕ್ಕೆ ೭ ಗ್ರಾಂ ಸಾರಜನಕ, ಅಂದರೆ ೪೦ ಗ್ರಾಮಿಗೂ ಮಿಕ್ಕ ಪ್ರೋಟೀನು ಕಳೆದುಕೊಳ್ಳುತ್ತಲೇ ಇದ್ದರು. ಸ್ಥೂಲಕಾಯರ ನಷ್ಟದ ಎರಡರಷ್ಟು! ಕೊಬ್ಬು ಬಹಳವಾಗಿದ್ದವರ ಮಾಂಸವು ಉಳಿಯುವುದು, ತೆಳ್ಳಗಿದ್ದವರದು ಕರಗುವುದು. ಹಾಗಾದರೆ ಉಪವಾಸದಿಂದ ಹೆಚ್ಚು ಕಳೆದುಕೊಳ್ಳುವವಳು, ಮೊದಲೇ ಸಣ್ಣಗಿದ್ದು ಇನ್ನೂ ಸಣ್ಣಗಾಗಬೇಕೆಂದು ಕನ್ನಡಿಯ ಮುಂದೆ ನಿಲ್ಲುವ ಆ ಹುಡುಗಿಯೇ.

ಮೃಗಪಕ್ಷಿಗಳ ಉದಾಹರಣೆಗಳನ್ನು ಕೊಡುವವರೂ ಇದ್ದಾರೆ. "ಕರಡಿಯು ಚಳಿಗಾಲವೆಲ್ಲ ತಿನ್ನದೆ ಮಲಗುವುದಿಲ್ಲವೇ?" ಎನ್ನುವರು. ಹೌದು, ಮಲಗುವುದು. ಅಮೇರಿಕದ ಕಪ್ಪು ಕರಡಿಯು ೧೩೦ ದಿನ ತಿನ್ನದೆ ಕುಡಿಯದೆ ಇದ್ದರೂ ಅದರ ಕಾಲಿನ ಬಲವು ನೂರಕ್ಕೆ ೨೩ ಪಾಲಿಗಿಂತ ಹೆಚ್ಚು ಕುಂದುವುದಿಲ್ಲವೆಂದು ೨೦೦೧ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ತಿಳಿದುಬಂತು. ತನ್ನ ಮೂತ್ರದ ಯೂರಿಯವನ್ನು ಹೊರಗೆ ಬಿಡದೆ ಅದರ ಸಾರಜನಕದಿಂದ ತಿರುಗಿ ಪ್ರೋಟೀನು ಕಟ್ಟಿಕೊಳ್ಳುವ ವಿದ್ಯೆ ಅದಕ್ಕೆ ಗೊತ್ತಿದೆ. ನಮಗೆ ಆ ವಿದ್ಯೆ ಆ ಮಟ್ಟಿಗೆ ಇಲ್ಲ. ಅಲ್ಲದೆ ಆ ಕರಡಿ ಗುಹೆಯನ್ನು ಹೊಗುವ ಮುಂಚೆ ತಿಂಗಳುಗಟ್ಟಲೆ ಹಗಲಿರುಳು ತಿಂದು ಕೊಬ್ಬಿರುತ್ತದೆ, ಹೊಕ್ಕ ಮೇಲೆ ಗಣಿತದ ಪರೀಕ್ಷೆಗೆ ಹೋಗುವುದಿಲ್ಲ.

ದಕ್ಷಿಣ ಧ್ರುವದ ಚಕ್ರವರ್ತಿ ಪೆಂಗ್ವಿನ್ ಎಂಬ ಹಕ್ಕಿಯ ಕಥೆ ಇನ್ನೂ ಬೋಧಪ್ರದವಾಗಿದೆ. ಗಂಡುಹಕ್ಕಿಯು ಮೊಟ್ಟೆಯನ್ನು ಕಾಲ ಮೇಲಿಟ್ಟುಕೊಂಡು ಕಾವು ಕೊಡುತ್ತ, ಕೂಡುವ ಕಾಲವೂ ಸೇರಿ ಹೆಚ್ಚುಕಡಿಮೆ ನಾಲ್ಕು ತಿಂಗಳು ಉಪವಾಸವಿರುವುದು. ಫ್ರೆಂಚ್ ವಿಜ್ಞಾನಿಗಳು ಈ ಉಪವಾಸದಲ್ಲಿ ಮೂರು ಘಟ್ಟಗಳನ್ನು ಗುರುತಿಸಿದ್ದಾರೆ. ಮೊದಲನೆಯದು ಕೆಲವೇ ದಿನಗಳ ಹೊಂದಾಣಿಕೆ. ಎರಡನೆಯದು ದೀರ್ಘವಾದದ್ದು, ಆಗ ಹಕ್ಕಿಯು ಕೊಬ್ಬನ್ನು ಉರಿಸಿ ಮಾಂಸವನ್ನು ಕಾಪಾಡಿಕೊಳ್ಳುವುದು. ಕೊಬ್ಬು ತೀರುತ್ತ ಬಂದಾಗ ಮೂರನೆಯ ಘಟ್ಟ: ಮಾಂಸಖಂಡವು ವೇಗವಾಗಿ ಕರಗಲಾರಂಭಿಸುವುದು. ಈ ಮೂರನೆಯ ಘಟ್ಟದ ಹೊಸ್ತಿಲಲ್ಲಿ ಹಕ್ಕಿಗೆ ಒಳಗಿನಿಂದಲೇ ಒಂದು ಕರೆ ಬರುವುದಂತೆ. ಸಂಗಾತಿಯು ಬಾರದೆ ಹೋದರೆ ಅದು ಮೊಟ್ಟೆಯನ್ನಾದರೂ ಬಿಟ್ಟು ಆಹಾರಕ್ಕಾಗಿ ಸಮುದ್ರದ ಕಡೆಗೆ ಹೊರಟುಬಿಡುವುದು. ಹಕ್ಕಿಗಿರುವ ಈ ವಿವೇಕವು ಕನ್ನಡಿಯ ಮಾತಿಗೆ ಮರುಳಾದವರಿಗೆ ಇರುವುದಿಲ್ಲ.

ಇನ್ನು ಇಲಿ. ಉಪವಾಸದ ವಿಷಯವಾಗಿ ಮೊಬೈಲಿನಲ್ಲಿ ಹರಡುವ ವಾರ್ತೆಗಳಲ್ಲಿ ಎಷ್ಟೋ ಚಿಟ್ಟಿಲಿಗಳ ಮೇಲಿನ ಪ್ರಯೋಗಗಳಿಂದ ಬಂದವು. ಚಿಟ್ಟಿಲಿಗೆ ಒಂದು ದಿನ ಅನ್ನವಿಲ್ಲದಿದ್ದರೆ ಅದರ ತೂಕದ ಹತ್ತನೆಯ ಒಂದು ಪಾಲಿಗೂ ಮಿಕ್ಕು ಹೋಗಿಬಿಡುವುದು. ಮನುಷ್ಯನ ಒಂದು ದಿನಕ್ಕೂ ಅದರ ಒಂದು ದಿನಕ್ಕೂ ಹೋಲಿಕೆಯಿಲ್ಲ. ಆದರೂ ಮಾಂಸವು ಹೇಗೆ ಕಳಚುವುದೆಂಬುದನ್ನು ನಮಗೆ ಕಲಿಸಿದ್ದು ಇಲಿಗಳೇ. ಹೊಟ್ಟೆಗಿಲ್ಲದ ಇಲಿಯಲ್ಲಿ ನಿಲ್ಲುವುದಕ್ಕೆ ಆಧಾರವಾದ ಕೆಂಪು ಮಾಂಸಖಂಡಕ್ಕಿಂತ ನೆಗೆತಕ್ಕೂ ಓಟಕ್ಕೂ ಬೇಕಾದ ಬಿಳಿಚು ಮಾಂಸಖಂಡವು ಹೆಚ್ಚಾಗಿ ಕರಗುವುದು. ೨೦೦೧ರಲ್ಲಿ, ಮಾಂಸಖಂಡ ಸೊರಗುವಾಗ ಬಹಳವಾಗಿ ಹೆಚ್ಚುವ ಎರಡು ಪದಾರ್ಥಗಳು ಪತ್ತೆಯಾದವು. ಯಾವ ಪ್ರೋಟೀನನ್ನು ಕಳಚಬೇಕೋ ಅದಕ್ಕೆ ಅವು ಗುರುತು ಹಚ್ಚುವುವು, ಗುರುತು ಬಿದ್ದದ್ದನ್ನು ಜೀವಕೋಶದ ಗಿರಣಿಯು ಪುಡಿಮಾಡುವುದು. ಹೀಗೆ ಗುರುತು ಹಚ್ಚುವ ಏರ್ಪಾಡನ್ನು ಮೊದಲು ಬಿಡಿಸಿ ತೋರಿಸಿದ ಮೂವರಿಗೆ ೨೦೦೪ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ೨೦೧೬ರ ನೊಬೆಲ್ ಬಹುಮಾನವನ್ನು ಪಡೆದ ಜಪಾನಿನ ಯೋಶಿನೋರಿ ಓಸುಮಿಯವರ ಹೆಸರನ್ನೂ ಉಪವಾಸದ ಪ್ರಚಾರಕ್ಕೆ ಎಳೆದು ತರುವುದುಂಟು. ಜೀವಕೋಶವು ತನ್ನ ಹಳೆಯ ಸಾಮಾನುಗಳನ್ನು ತಾನೇ ಕರಗಿಸಿ ಬಳಸುವ ಬಗೆಯನ್ನು ಅವರು ಕಂಡುಕೊಂಡದ್ದು ಹಸಿವಿಗೀಡಾದ ಈಸ್ಟ್ ಎಂಬ ಹುದುಗಿನ ಜೀವಿಯಲ್ಲಿ. ಅದರಿಂದ ಹದಿಮೂರು ವರ್ಷದ ಹುಡುಗಿ ತಿಂಡಿ ಬಿಡಬೇಕೆಂಬ ವಿಧಿಯು ಹೇಗೆ ಹುಟ್ಟಿತೋ ನಾವರಿಯೆವು.

೧೬ ತಾಸಿನ ಉಪವಾಸವನ್ನು ಮನುಷ್ಯರ ಮೇಲೆಯೇ ಪರೀಕ್ಷಿಸಿದ್ದಾರೆ. ೨೦೨೦ರಲ್ಲಿ ಅಮೇರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ತೂಕ ಹೆಚ್ಚಿದ್ದ ೧೧೬ ಮಂದಿ ಪ್ರಾಯಸ್ಥರು ೧೨ ವಾರ ಪಾಲುಗೊಂಡರು. ಉಪವಾಸದವರ ತೂಕ ಇಳಿದದ್ದು ಸ್ವಲ್ಪ. ಮೂರು ಹೊತ್ತು ಉಣ್ಣುವವರಿಗಿಂತ ಅದು ಹೇಳುವಷ್ಟು ಹೆಚ್ಚಲ್ಲ. ಸೂಕ್ಷ್ಮವಾಗಿ ಅಳೆದವರಲ್ಲಿ ಇಳಿದ ತೂಕದ ಹೆಚ್ಚಿನ ಭಾಗವು ಕೊಬ್ಬಲ್ಲದ ಅಂಶದ್ದೆಂದು ಕಂಡುಬಂತು. ನ್ಯಾಯಕ್ಕಾಗಿ ಇನ್ನೊಂದನ್ನೂ ಹೇಳಬೇಕು: ಭಾರ ಎತ್ತುವ ವ್ಯಾಯಾಮವನ್ನು ತಪ್ಪದೆ ಮಾಡುತ್ತ, ಪ್ರೋಟೀನನ್ನು ಸಾಕಷ್ಟು ತಿನ್ನುತ್ತ ಇದೇ ಕ್ರಮವನ್ನು ಹಿಡಿದ ಗಂಡಸರು ತಮ್ಮ ಮಾಂಸಖಂಡಗಳನ್ನು ಉಳಿಸಿಕೊಂಡದ್ದೂ ಉಂಟು. ಪ್ರಾಯ ಬಂದವರೂ ಕೊಬ್ಬುಳ್ಳವರೂ ವೈದ್ಯರನ್ನು ಕೇಳಿ ಇದನ್ನು ನಡಿಸುವುದಾದರೆ ನಮ್ಮ ಆಕ್ಷೇಪವಿಲ್ಲ.

ಹುಡುಗಿಯ ಮಾತು ಬೇರೆ. ಮಕ್ಕಳಲ್ಲಿ ಯಕೃತ್ತಿನ ಗಡಿಗೆ ಚಿಕ್ಕದು, ದೇಹಕ್ಕೆ ಹೋಲಿಸಿದರೆ ಮೆದುಳು ದೊಡ್ಡದು. ಅವರ ರಕ್ತದ ಸಕ್ಕರೆಯು ದೊಡ್ಡವರಿಗಿಂತ ಬೇಗನೆ ಇಳಿಯುವುದು. ಮೂರು ದಿನ ಉಪವಾಸವಿದ್ದಾಗ ಪ್ರಾಯದ ಹೆಂಗಸರಲ್ಲಿಯೂ ಅದು ಗಂಡಸರಿಗಿಂತ ಕೆಳಗೆ ಹೋಗುವುದೆಂದು ಪರೀಕ್ಷಿಸಿ ತಿಳಿದಿದ್ದಾರೆ. ಬಸುರಿಯಲ್ಲಂತೂ ರಾತ್ರಿಯ ಊಟದಿಂದ ೧೮ ತಾಸು ಕಳೆಯುವಷ್ಟರಲ್ಲಿ ಸಕ್ಕರೆ ಇಳಿದು ಕೀಟೋನು ಏರುವುದರಿಂದ ಅದನ್ನು ಅವಸರದ ಉಪವಾಸಸ್ಥಿತಿಯೆಂದು ವೈದ್ಯರು ಕರೆದಿದ್ದಾರೆ. ಬೆಳಗಿನ ತಿಂಡಿ ಬಿಟ್ಟರೆ ಸಾಕು, ಅದು ಬಂದುಬಿಡುವುದು. ಇನ್ನು ವೃದ್ಧೆಯರು ಕಳೆದುಕೊಂಡ ಮಾಂಸವು ತಿರುಗಿ ಬರುವುದು ಕಷ್ಟ. ಬೆಳೆಯುವ ಹುಡುಗಿಗೆ ಬರೇ ಇದ್ದ ಮಾಂಸವನ್ನು ಉಳಿಸಿಕೊಂಡರೆ ಸಾಲದು, ಹೊಸತನ್ನು ಕಟ್ಟಿಕೊಳ್ಳಬೇಕು. ೨೦೧೯-೨೧ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ೧೫ರಿಂದ ೧೯ ವರ್ಷದ ಹುಡುಗಿಯರಲ್ಲಿ ನೂರಕ್ಕೆ ೫೯ ಮಂದಿ ರಕ್ತಹೀನರೆಂದು ಕಂಡುಬಂತು. ಇಂಥವರ ಸಂಗ್ರಹವೆಷ್ಟೆಂದು ನಾವು ವಿವರಿಸಬೇಕೇ?

ಉಪವಾಸದ ಧಾರ್ಮಿಕ ನಿಯಮಗಳನ್ನು ಮಾಡಿದವರು ಈ ವಿಷಯದಲ್ಲಿ ಮೊಬೈಲಿನ ಪಂಡಿತರಿಗಿಂತ ದಯಾಳುಗಳಾಗಿದ್ದರೆಂದು ಹೇಳದೆ ನಿರ್ವಾಹವಿಲ್ಲ. ರಂಜಾನಿನ ಉಪವಾಸವು ಮಕ್ಕಳ ಮೇಲೆ ವಿಧಿಸಲ್ಪಟ್ಟಿಲ್ಲ. ರೋಗಿಗಳಿಗೂ ಪ್ರಯಾಣಿಕರಿಗೂ ಬಸುರಿಯರಿಗೂ ವಿನಾಯಿತಿಯಿದೆ. ರೋಮನ್ ಕಥೋಲಿಕ ಸಭೆಯ ೧೯೮೩ರ ನಿಯಮಸಂಹಿತೆಯಂತೆ ಉಪವಾಸದ ಕಟ್ಟಳೆಯು ಪ್ರಾಪ್ತವಯಸ್ಕರಿಗೆ ಮಾತ್ರ, ಅದೂ ೬೦ನೆಯ ವರ್ಷವು ಆರಂಭವಾಗುವ ತನಕ. ನಮ್ಮ ಮನೆಗಳ ಏಕಾದಶಿಯಲ್ಲಿಯೂ ಹಿರಿಯರು ಮಕ್ಕಳಿಗೆ ಬಾಳೆಹಣ್ಣು, ಹಾಲು, ಅವಲಕ್ಕಿ ಕೊಟ್ಟೇ ಕೊಡುತ್ತಿದ್ದರು. ಅದರಲ್ಲಿ ವಿಜ್ಞಾನವೂ ಇತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಡಗು ಮುಳುಗಿ ತೆಪ್ಪದ ಮೇಲೆ ಉಳಿದವರಿಗೆ ಯಾವ ಆಹಾರವನ್ನು ಇಡಬೇಕೆಂದು ಶೋಧಿಸುತ್ತಿದ್ದ ಜೇಮ್ಸ್ ಗ್ಯಾಂಬಲ್ ಎಂಬ ಅಮೇರಿಕದ ವೈದ್ಯರು ಉಪವಾಸವಿರುವವರಿಗೆ ದಿನಕ್ಕೆ ಬರೇ ೧೦೦ ಗ್ರಾಂ ಸಕ್ಕರೆ ಕೊಟ್ಟರೂ ಪ್ರೋಟೀನಿನ ನಷ್ಟವು ಅರ್ಧಕ್ಕೆ ಇಳಿಯುವುದೆಂದು ಕಂಡರು. ನಿರಾಹಾರಕ್ಕಿಂತ ಫಲಾಹಾರವು ಮಾಂಸಖಂಡಕ್ಕೆ ಎಷ್ಟು ಹಿತವೆಂಬುದು ಇದರಿಂದ ತಿಳಿಯುವುದು. ಸಾಬುದಾಣೆಯಲ್ಲಿ ಪಿಷ್ಟವಲ್ಲದೆ ಬೇರೇನೂ ಇಲ್ಲವೆಂಬಷ್ಟು ಕಡಿಮೆ. ಅದರ ಸಂಗಡ ನೆಲಗಡಲೆಯನ್ನು ಸೇರಿಸುವ ಉತ್ತರ ಕರ್ನಾಟಕದ ಪದ್ಧತಿಯು ಮೆಚ್ಚತಕ್ಕದ್ದು.

ತಾಯಂದಿರು ಒಂದು ಲೆಕ್ಕವನ್ನು ಮನೆಯಲ್ಲಿ ಮಾಡಿ ನೋಡಬೇಕೆಂದು ನಮ್ಮ ಬಿನ್ನಹ. ರಾತ್ರಿ ಎಂಟಕ್ಕೆ ಉಂಡ ಹುಡುಗಿ ಬೆಳಿಗ್ಗೆ ಏನೂ ತಿನ್ನದೆ ಬಸ್ಸು ಹತ್ತಿ, ಮಧ್ಯಾಹ್ನ ಒಂದು ಗಂಟೆಗೆ ಬುತ್ತಿ ಬಿಚ್ಚಿದರೆ ೧೭ ತಾಸಾಯಿತು. ಯಾವ ವ್ರತದ ಹೆಸರೂ ಇಲ್ಲದೆ ಆಕೆ ದಿನದಿನವೂ ಉಪವಾಸಿಯಾದಳು, ನಡುವೆ ವ್ಯಾಯಾಮದ ತರಗತಿಯಲ್ಲಿ ಓಡಿಯೂ ಓಡಿದಳು. ೧೩ರಿಂದ ೧೫ ವರ್ಷದ ಹುಡುಗಿಗೆ ದಿನಕ್ಕೆ ಸುಮಾರು ೪೩ ಗ್ರಾಂ, ೧೬ರಿಂದ ೧೮ರವಳಿಗೆ ಸುಮಾರು ೪೬ ಗ್ರಾಂ ಪ್ರೋಟೀನು ಬೇಕೆಂದು ೨೦೨೦ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಿಂದ ಬಂದ ಸಲಹೆ. ಅಷ್ಟನ್ನೂ ಮಧ್ಯಾಹ್ನ ರಾತ್ರಿಗಳ ಸಾರು ಅನ್ನದಲ್ಲಿ ತುಂಬುವುದು ಸುಲಭವಲ್ಲ. ಒಂದು ಮೊಟ್ಟೆಯಲ್ಲಿ ೬ ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ, ಒಂದು ಹಿಡಿ ಹೆಸರು ಇಲ್ಲವೆ ಕಡಲೆಯಲ್ಲಿ ೬-೭ ಗ್ರಾಂ ಇರುವುದು. ಹುಡುಗಿಯು ತಿನ್ನಲೊಲ್ಲೆನೆಂದರೆ ಗದರಿಸುವುದಕ್ಕಿಂತ ತಾಯಿಯು ತಾನೂ ಆಕೆಯ ಜೊತೆಗೆ ಕೂತು ತಿನ್ನುವುದು ಹೆಚ್ಚು ಫಲಕಾರಿ. ಎಲ್ಲರಿಗೂ ಬಡಿಸಿ, ಉಳಿದರೆ ಉಂಡು, ಉಳಿಯದಿದ್ದರೆ ಚಹಾ ಕುಡಿದು ದಿನ ನೂಕುವ ತಾಯಿಯಿಂದ ಮಗಳು ಕಲಿಯುವ ಪಾಠವು ಮೊಬೈಲು ಕಲಿಸುವುದಕ್ಕಿಂತ ಹಳೆಯದು. ಬೆಳಿಗ್ಗೆ ಪುರುಸೊತ್ತಿಲ್ಲವೆಂಬ ನೆವವನ್ನು ನಾವೂ ಬಲ್ಲೆವು. ಹಿಂದಿನ ರಾತ್ರಿ ನೆನೆಯಿಟ್ಟ ಹೆಸರುಕಾಳಿಗೆ ಬೆಳಿಗ್ಗೆ ಬೇಕಾಗುವುದು ಚಿಟಿಕೆ ಉಪ್ಪು, ಒಂದಿಷ್ಟು ತೆಂಗಿನತುರಿ, ಎರಡು ನಿಮಿಷ.